ಆಷಾಢದ ಗಾಳಿ ಜೋರಿದ್ದರೆ ಸಾಕೇ? ಗಾಳಿ ವಿದ್ಯುತ್ ಬಗ್ಗೆ ಮಲೆನಾಡಿನ ಓದುಗರ ಪ್ರಶ್ನೆಗಳು

ಚಿತ್ರದುರ್ಗ, ದಾವಣಗೆರೆ, ಗದಗ ಕಡೆ ಹೋಗಿಬರುವಾಗ ಗುಡ್ಡದ ಸಾಲಿನ ಮೇಲೆ ಕಾಣುವ ಗಾಳಿಯಂತ್ರಗಳ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ದುರ್ಗದ ಹತ್ತಿರದ ಫ್ಯಾನುಗಳು ತುಂಬಾ ನಿಧಾನ ತಿರುಗುತ್ತವೆ. ನಮ್ಮ ಮನೆಯ ಸೀಲಿಂಗ್ ಫ್ಯಾನಿನಷ್ಟೂ ವೇಗವಿಲ್ಲ. ಅದರಿಂದ ಅಷ್ಟೊಂದು ಕರೆಂಟು ಹೇಗೆ ಬರುತ್ತದೆ?
(ಪಿಯುಸಿ ವಿದ್ಯಾರ್ಥಿನಿ, ಸಾಗರ)

ಉತ್ತರ: ದೂರದಿಂದ ಹಾಗೆ ಕಾಣುತ್ತದೆ ಅಷ್ಟೆ. ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 120 ಮೀಟರ್ ಇರುವ, 2.1 ಮೆಗಾವ್ಯಾಟ್ ಸಾಮರ್ಥ್ಯದ ಒಂದು ಯಂತ್ರವನ್ನೇ ತೆಗೆದುಕೊಳ್ಳಿ. ಅದು ನಿಮಿಷಕ್ಕೆ 13 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಪ್ರತಿ ಸುತ್ತಿಗೂ ರೆಕ್ಕೆಯ ತುದಿ 377 ಮೀಟರ್ ಓಡಬೇಕು. ಲೆಕ್ಕ ಹಾಕಿ ನೋಡಿ, ತುದಿಯ ವೇಗ ಗಂಟೆಗೆ 290 ಕಿ.ಮೀ. ದಾಟುತ್ತದೆ.

ರೆಕ್ಕೆಯ ಅಡ್ಡಕೊಯ್ತ ವಿಮಾನದ ರೆಕ್ಕೆಯದೇ. ಗಾಳಿ ಹಾದುಹೋಗುವಾಗ ಒಂದು ಮೈಯಲ್ಲಿ ಒತ್ತಡ ಕಡಿಮೆಯಾಗಿ ರೆಕ್ಕೆ ಆ ಕಡೆಗೆ ಸೆಳೆಯಲ್ಪಡುತ್ತದೆ, ಆ ಸೆಳೆತವೇ ದಂಡವನ್ನು ತಿರುಗಿಸುತ್ತದೆ. ದಂಡದ 13 ಸುತ್ತನ್ನು ಗೇರ್‌ಬಾಕ್ಸ್ ನೂರು ಪಟ್ಟಿಗೂ ಹೆಚ್ಚು ಏರಿಸಿ 1,500ರ ಆಸುಪಾಸಿಗೆ ತರುತ್ತದೆ. ಜನರೇಟರ್‌ನಿಂದ ಸಾಮಾನ್ಯವಾಗಿ 690 ವೋಲ್ಟ್ ಹೊರಬರುತ್ತದೆ. ಗಾಳಿ ಏರಿಳಿದಂತೆ ಜನರೇಟರ್ ವೇಗವೂ ಏರಿಳಿಯುವುದರಿಂದ, ಅದನ್ನು ಗ್ರಿಡ್‌ನ 50 ಹರ್ಟ್ಸ್‌ಗೆ ಹೊಂದಿಸಲು ಎಲೆಕ್ಟ್ರಾನಿಕ್ ಕನ್ವರ್ಟರ್ ಇರುತ್ತದೆ. ಯಂತ್ರದ ಪಕ್ಕದ ಟ್ರಾನ್ಸ್‌ಫಾರ್ಮರ್ 690 ವೋಲ್ಟನ್ನು 33 ಕೆ.ವಿ.ಗೆ ಏರಿಸುತ್ತದೆ. ಹತ್ತಾರು ಯಂತ್ರಗಳ 33 ಕೆ.ವಿ. ಲೈನುಗಳು ಒಂದು ಸಬ್‌ಸ್ಟೇಷನ್‌ನಲ್ಲಿ ಕೂಡಿ, ಅಲ್ಲಿಂದ 66, 110 ಅಥವಾ 220 ಕೆ.ವಿ.ಯಲ್ಲಿ ಮುಂದೆ ಹೋಗುತ್ತವೆ. ಗೇರ್‌ಬಾಕ್ಸ್ ಇಲ್ಲದೆ ದೊಡ್ಡ ವ್ಯಾಸದ ಜನರೇಟರನ್ನು ನೇರ ತಿರುಗಿಸುವ ಮಾದರಿಗಳೂ ಇವೆ.

ನೀವು ನೆನಪಿಡಬೇಕಾದದ್ದು ಘನದ ಲೆಕ್ಕ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿನ ಶಕ್ತಿ ಎಂಟರಷ್ಟಾಗುತ್ತದೆ. ಮೇಲೆ ಹೇಳಿದ ರೆಕ್ಕೆಗಳು ಗುಡಿಸುವ ಜಾಗ ಸುಮಾರು 11,300 ಚದರ ಮೀಟರ್, ಅಂದರೆ ಎರಡೂಮುಕ್ಕಾಲು ಎಕರೆ. ಸೆಕೆಂಡಿಗೆ 4 ಮೀಟರ್ ಗಾಳಿಯಿದ್ದಾಗ ಅಷ್ಟು ಜಾಗದಲ್ಲಿ ಹಾಯುವ ಶಕ್ತಿ ಸುಮಾರು 400 ಕಿಲೋವ್ಯಾಟ್. 8 ಮೀಟರ್ ಆದಾಗ 3,200 ಕಿಲೋವ್ಯಾಟ್. ಇದೆಲ್ಲವನ್ನೂ ಹಿಡಿಯಲಾಗದು. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಶೇ. 59.3 ಇದರ ಗರಿಷ್ಠ ಮಿತಿ ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿದರು. ಒಳ್ಳೆಯ ಯಂತ್ರಗಳು ಶೇ. 40-45ರವರೆಗೆ ಹಿಡಿಯುತ್ತವೆ.

ಪ್ರಶ್ನೆ: ಆಷಾಢದಲ್ಲಿ ನಮ್ಮಲ್ಲಿ ಅಡಿಕೆ ಮರ ಮುರಿದು ಬೀಳುವಷ್ಟು ಗಾಳಿ. ಕೊಡಚಾದ್ರಿ, ಆಗುಂಬೆ ಕಡೆಯಂತೂ ನಿಲ್ಲಲಾಗುವುದಿಲ್ಲ. ಆದರೂ ಗಾಳಿಯಂತ್ರವೆಲ್ಲ ಬಯಲುಸೀಮೆಯಲ್ಲೇ ಏಕೆ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ಮರ ಮುರಿಯುವುದು ಗಾಳಿಯ ಬೀಸಿನಿಂದ, ಅಂದರೆ ಕೆಲವು ಸೆಕೆಂಡಿನ ರಭಸದಿಂದ. ಯಂತ್ರಕ್ಕೆ ಬೇಕಾದದ್ದು ತಿಂಗಳುಗಟ್ಟಲೆ ಹಗಲೂ ರಾತ್ರಿ ಒಂದೇ ಸಮ ಬೀಸುವ ಗಾಳಿ. ಸೆಕೆಂಡಿಗೆ 3 ಮೀಟರಿಗೆ ಶುರುವಾಗುವ ಯಂತ್ರ ಮಾದರಿಗೆ ತಕ್ಕಂತೆ 9-12 ಮೀಟರಿಗೆ ಪೂರ್ಣ ಸಾಮರ್ಥ್ಯ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚಿನ ಗಾಳಿಯನ್ನು ರೆಕ್ಕೆ ಓರೆ ಮಾಡಿಕೊಂಡು ಬಿಟ್ಟುಬಿಡುತ್ತದೆ. 20-25 ಮೀಟರ್ ಆದರೆ ನಿಂತೇಬಿಡುತ್ತದೆ. ನಿಮ್ಮ ತೋಟ ಮಲಗಿಸುವ ಗಾಳಿ ಹಲವು ಬಾರಿ ಅದರ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಕಾಡು. ಬೋಳು ನೆಲದ ಮೇಲೆ ಗಾಳಿ ಪದರಪದರವಾಗಿ ಜಾರಿಹೋಗುತ್ತದೆ, ಮರಗಳ ಮೇಲೆ ಹಾಯುವಾಗ ಸುಳಿಸುಳಿಯಾಗುತ್ತದೆ. ಕಡಿದಾದ ಗುಡ್ಡದ ಹಿಂಬದಿಯಲ್ಲಿ ನೆಲದ ಸಂಪರ್ಕವೇ ತಪ್ಪಿ ಮಗುಚುತ್ತದೆ. ಒಂದು ರೆಕ್ಕೆ ಮೇಲಿರುವಾಗ ಒಂದು ವೇಗ, ಕೆಳಗೆ ಬಂದಾಗ ಇನ್ನೊಂದು ವೇಗ, ನಡುವೆ ಕೆಳಗಿನಿಂದ ಮೇಲಕ್ಕೆ ಒದೆತ. ಈ ಒದ್ದಾಟ ಮೊದಲು ಬಡಿಯುವುದು ರೆಕ್ಕೆಯ ಬುಡದ ಬೋಲ್ಟುಗಳಿಗೆ, ಮುಖ್ಯ ಬೇರಿಂಗ್‌ಗೆ, ಗೇರ್‌ಬಾಕ್ಸ್‌ಗೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಯಂತ್ರಗಳನ್ನು ಗಾಳಿ ಅಡ್ಡಮಟ್ಟದಿಂದ 8 ಡಿಗ್ರಿಯವರೆಗೆ ಓರೆಯಾಗಿ ಬರುತ್ತದೆಂದು ಲೆಕ್ಕ ಹಿಡಿದು ರೂಪಿಸುತ್ತಾರೆ. ಘಟ್ಟದ ಅಂಚಿನಲ್ಲಿ, ಕಣಿವೆಯಿಂದ ನೇರ ಮೇಲೇಳುವ ಗಾಳಿ ಆ ಮಿತಿಯೊಳಗೆ ಎಲ್ಲಿ ನಿಲ್ಲುತ್ತದೆ?

ಮಳೆಯದು ಬೇರೆಯೇ ಕಾಟ. ಗಂಟೆಗೆ 290 ಕಿ.ಮೀ. ವೇಗದಲ್ಲಿ ಓಡುವ ರೆಕ್ಕೆಯಂಚಿಗೆ ಮಳೆಹನಿ ಬಡಿದೂ ಬಡಿದೂ ಮೇಲಿನ ಲೇಪ ಕಿತ್ತುಬರುತ್ತದೆ, ಒಳಗಿನ ಫೈಬರ್ ಕಾಣುತ್ತದೆ. ಅಂಚು ಒರಟಾದ ರೆಕ್ಕೆ ಅದೇ ಗಾಳಿಯಲ್ಲಿ ಕಡಿಮೆ ಉತ್ಪಾದಿಸುತ್ತದೆ. ಜೊತೆಗೆ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು. ರೆಕ್ಕೆಯ ತುದಿಯಲ್ಲಿ ಸಿಡಿಲು ಹಿಡಿಯುವ ಲೋಹದ ಬಿಲ್ಲೆ, ಅಲ್ಲಿಂದ ನೆಲದವರೆಗೆ ತಂತಿ ಇದ್ದೇ ಇರುತ್ತದೆ. ಆದರೆ ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಒಳ್ಳೆಯ ಅರ್ಥಿಂಗ್ ಸಿಗುವುದು ಸುಲಭವಲ್ಲ.

ಇಷ್ಟೂ ನಿಭಾಯಿಸಿದರೂ ಮೇಲಕ್ಕೆ ಸಾಗಿಸುವುದು ಹೇಗೆ? ಒಂದು ರೆಕ್ಕೆಯೇ 58-59 ಮೀಟರ್ ಉದ್ದ, ತುಂಡು ಮಾಡುವಂತಿಲ್ಲ. ಅದನ್ನು ಹೊತ್ತ ಟ್ರೇಲರ್ ತಿರುಗಬೇಕಾದರೆ ಗುಡ್ಡ ಕಡಿದು ಅಗಲ ರಸ್ತೆ ಮಾಡಬೇಕು. ಅದು ಹಾಯುವುದು ಕಾನು, ಶೋಲಾ, ಸೊಪ್ಪಿನಬೆಟ್ಟಗಳ ಮೂಲಕ. ನಮ್ಮ ಅಭಿಪ್ರಾಯ ಕೇಳಿದರೆ, ಅರಣ್ಯ ಕಾನೂನು ಅಡ್ಡ ಬರದಿದ್ದರೂ ಅದು ಮಾಡಬಾರದ ಕೆಲಸ. ಅಂಥ ಮಳೆಗೆ ಕಡಿದ ದರೆ ನಿಲ್ಲುವುದಿಲ್ಲ.

ಚಿತ್ರದುರ್ಗದ ಗುಡ್ಡಗಳು ಹೆಚ್ಚು ಎತ್ತರವಿಲ್ಲ, ಮರ ಕಡಿಮೆ, ಸಾಲುಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹಬ್ಬಿವೆ. ಘಟ್ಟ ದಾಟಿ ನೀರು ಇಳಿಸಿ ಬಂದ ಪಶ್ಚಿಮದ ಗಾಳಿಗೆ ಅಡ್ಡ ನಿಂತು ನೆತ್ತಿಯಲ್ಲಿ ಅದರ ವೇಗ ಹೆಚ್ಚಿಸುತ್ತವೆ. ಜೋಗಿಮಟ್ಟಿಯ ಸುತ್ತ ಯಂತ್ರಗಳು ನಿಂತದ್ದು ಈ ಕಾರಣಕ್ಕೆ. ಗಾಳಿ ಇದ್ದಲ್ಲೆಲ್ಲ ಯಂತ್ರ ಸಲ್ಲ ಎಂಬುದಕ್ಕೆ ಬಯಲುಸೀಮೆಯಲ್ಲೂ ಉದಾಹರಣೆಯಿದೆ. ಗಾಳಿಯಂತ್ರಗಳಿಗೆ ಹೆಸರಾದ ಗದಗದ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಲಾಯಿತು.

ಪ್ರಶ್ನೆ: ಜೋರು ಗಾಳಿಯಿದ್ದರೂ ಕೆಲವು ಯಂತ್ರ ಸುಮ್ಮನೆ ನಿಂತಿರುತ್ತವೆ. ಕೆಟ್ಟಿವೆಯೇ?
(ನಿವೃತ್ತ ಕಾರ್ಖಾನೆ ನೌಕರರು, ಭದ್ರಾವತಿ)

ಉತ್ತರ: ಕೆಲವು ಕೆಟ್ಟಿರಬಹುದು, ಎಲ್ಲವೂ ಅಲ್ಲ. 33 ಕೆ.ವಿ. ಲೈನ್ ಟ್ರಿಪ್ ಆದರೆ ಆ ಸಾಲಿನ ಯಂತ್ರಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಈಗಿನ ಬಹುತೇಕ ಯಂತ್ರಗಳು ಗ್ರಿಡ್‌ನ ಕರೆಂಟು ಇಲ್ಲದೆ ತಾವಾಗಿ ವಿದ್ಯುತ್ ಕೊಡಲಾರವು. ಗ್ರಿಡ್‌ನಲ್ಲಿ ಬೇಡಿಕೆಗಿಂತ ಪೂರೈಕೆ ಹೆಚ್ಚಾದಾಗ ರಾಜ್ಯದ ವಿದ್ಯುತ್ ಬೇಡಿಕೆ-ಪೂರೈಕೆ ಸರಿದೂಗಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರವೇ ಉತ್ಪಾದನೆ ತಗ್ಗಿಸಲು ಹೇಳುವುದೂ ಉಂಟು. ಗಾಳಿಯ ದಿಕ್ಕು ಹಿಂಬಾಲಿಸಿ ಒಂದೇ ಕಡೆಗೆ ಮೂರ್ನಾಲ್ಕು ಸುತ್ತು ತಿರುಗಿದ ಯಂತ್ರ, ಟವರಿನೊಳಗೆ ಹುರಿಗೊಂಡ ಕೇಬಲ್ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ನಿಂತು ಹಿಂದಕ್ಕೆ ತಿರುಗುತ್ತದೆ. ಅದನ್ನು ನೋಡಿ ಕೆಟ್ಟಿದೆ ಎಂದುಕೊಳ್ಳುವವರು ಬಹಳ.

ನಿಜವಾದ ಕೆಡುಕುಗಳಲ್ಲಿ ಸಾಮಾನ್ಯವಾದದ್ದು ರೆಕ್ಕೆಯ ಕೋನ ಬದಲಿಸುವ ವ್ಯವಸ್ಥೆಯದು. ಹಲವು ಮಾದರಿಗಳಲ್ಲಿ ಮೂರೂ ರೆಕ್ಕೆಗಳಿಗೆ ಪ್ರತ್ಯೇಕ ಮೋಟರು, ಪ್ರತ್ಯೇಕ ಬ್ಯಾಟರಿ ಇರುತ್ತದೆ. ಕರೆಂಟು ಹೋದರೂ ರೆಕ್ಕೆ ಓರೆಯಾಗಿ ಯಂತ್ರ ನಿಲ್ಲಲೇಬೇಕು, ಇಲ್ಲದಿದ್ದರೆ ವೇಗ ಮಿತಿಮೀರಿ ಚೂರಾಗುತ್ತದೆ. ಹೀಗಾಗಿ ಒಂದು ಬ್ಯಾಟರಿ ಬಲ ಕಳೆದುಕೊಂಡರೂ ನಿಯಂತ್ರಣ ವ್ಯವಸ್ಥೆ ಯಂತ್ರವನ್ನು ಚಾಲೂ ಮಾಡಲು ಬಿಡುವುದಿಲ್ಲ. ಇದು ಒಂದು ದಿನದ ರಿಪೇರಿ. ಗೇರ್‌ಬಾಕ್ಸ್ ಬೇರಿಂಗ್ ಹೋದರೆ ಕತೆಯೇ ಬೇರೆ. 120 ಮೀಟರ್ ಮೇಲಿಂದ ಅದನ್ನಿಳಿಸಲು ಭಾರೀ ಕ್ರೇನ್ ಬರಬೇಕು, ಎತ್ತುವ ದಿನ ಗಾಳಿ ಕಡಿಮೆಯಿರಬೇಕು. ಗಾಳಿಯ ಹಂಗಾಮಿನಲ್ಲೇ ಕೆಟ್ಟರೆ ವಾರಗಟ್ಟಲೆ ಕಾಯುವುದು ಅನಿವಾರ್ಯ. ಎಣ್ಣೆಯ ಮಾದರಿ ತೆಗೆದು ಅದರಲ್ಲಿ ಲೋಹದ ಪುಡಿ ಇದೆಯೇ ಎಂದು ಪರೀಕ್ಷಿಸುವುದು, ಬೇರಿಂಗ್‌ನ ಕಂಪನ ಅಳೆಯುವುದು, ಎಲ್ಲವನ್ನೂ ಮೇ ತಿಂಗಳೊಳಗೆ ಮುಗಿಸುವವರ ಯಂತ್ರಗಳು ಜುಲೈನಲ್ಲಿ ತಿರುಗುತ್ತಿರುತ್ತವೆ.

ಪ್ರಶ್ನೆ: ಗಾಳಿ ಕರೆಂಟು ಜಾಸ್ತಿ ಬಂದಾಗ ಶರಾವತಿಯಲ್ಲಿ ಉತ್ಪಾದನೆ ಕಡಿಮೆ ಮಾಡುತ್ತಾರಂತೆ. ನಷ್ಟವಲ್ಲವೇ?
(ಓದುಗರು, ಕಾರ್ಗಲ್)

ಉತ್ತರ: ನಷ್ಟವಲ್ಲ, ಉಳಿತಾಯ. ಗಾಳಿಯನ್ನು ಕೂಡಿಡಲಾಗದು, ಲಿಂಗನಮಕ್ಕಿಯ ನೀರನ್ನು ಕೂಡಿಡಬಹುದು. ರಾಜ್ಯದಲ್ಲಿ ಗಾಳಿ ಹೆಚ್ಚಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಜಲಾಶಯ ತುಂಬುವುದೂ ಅದೇ ತಿಂಗಳುಗಳಲ್ಲಿ. ಆಗ ಗಾಳಿ ದುಡಿದಷ್ಟೂ ಜಲಾಶಯದ ಪೂರ್ಣ ಮಟ್ಟವಾದ 1,819 ಅಡಿಯ ಗುರುತಿನ ಕಡೆಗೆ ನೀರು ಬೇಗ ಏರುತ್ತದೆ, ಆ ನೀರು ಮಾರ್ಚ್-ಏಪ್ರಿಲ್‌ಗೆ ಒದಗುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ ನೀರು ಬೀಳುವ ಎತ್ತರ ನಾನೂರು ಮೀಟರಿಗೂ ಹೆಚ್ಚು. ಅಲ್ಲಿ ಒಂದು ಟಿಎಂಸಿ ನೀರು ಸುಮಾರು 3 ಕೋಟಿ ಯೂನಿಟ್‌ಗೆ ಸಮ. ಮೇಲೆ ಹೇಳಿದಂಥ ಗಾಳಿಯಂತ್ರವೊಂದು ಒಳ್ಳೆಯ ಜಾಗದಲ್ಲಿ ವರ್ಷಕ್ಕೆ 46ರಿಂದ 55 ಲಕ್ಷ ಯೂನಿಟ್ ಕೊಡುತ್ತದೆ. ಅಂದರೆ ಆರು ಯಂತ್ರಗಳ ವರ್ಷದ ದುಡಿಮೆ ಹತ್ತಿರಹತ್ತಿರ ಒಂದು ಟಿಎಂಸಿ ನೀರು.

ಇನ್ನೊಂದು ಅನುಕೂಲ ವೇಗದ್ದು. ಗಾಳಿ ದಿಢೀರನೆ ಬಿದ್ದುಹೋದರೆ ಆ ಕೊರತೆಯನ್ನು ಕಲ್ಲಿದ್ದಲಿನ ಸ್ಥಾವರ ಕೂಡಲೇ ತುಂಬಲಾರದು. 1,035 ಮೆಗಾವ್ಯಾಟ್‌ನ ಶರಾವತಿ ನಿಮಿಷಗಳಲ್ಲಿ ಹೊರೆ ಹೊರುತ್ತದೆ. ಮಲೆನಾಡು ಗಾಳಿ ವಿದ್ಯುತ್ತಿಗೆ ಕೊಡುವ ದೊಡ್ಡ ಕಾಣಿಕೆ ಇದೇ. ಇದಕ್ಕಾಗಿ ಗುಡ್ಡದ ಮೇಲೆ ಒಂದು ಫ್ಯಾನೂ ನೆಡಬೇಕಿಲ್ಲ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪರ-ವಿರೋಧ ಚರ್ಚೆಯಲ್ಲಿ ಒಂದು ಅಂಶ ಮರೆಯಬೇಡಿ: ಅಂಥ ಯೋಜನೆ ಹೊಸ ವಿದ್ಯುತ್ ಉತ್ಪಾದಿಸುವುದಿಲ್ಲ. ನೀರೆತ್ತಲು ನೂರು ಯೂನಿಟ್ ಖರ್ಚಾದರೆ ಇಳಿಸುವಾಗ 75-80 ಯೂನಿಟ್ ವಾಪಸ್ ಬರುತ್ತದೆ.

ಪ್ರಶ್ನೆ: ನಮ್ಮ ಖುಷ್ಕಿ ಜಮೀನಿನಲ್ಲಿ ಗಾಳಿ ಅಳೆಯುವ ಕಂಬ ನಿಲ್ಲಿಸುತ್ತೇವೆ, ಸಹಿ ಹಾಕಿ ಎಂದು ಒಬ್ಬರು ಕೇಳುತ್ತಿದ್ದಾರೆ. ಏನು ನೋಡಬೇಕು? ಫ್ಯಾನು ಬಂದರೆ ಮೋಡ ಓಡಿಹೋಗುತ್ತದೆ ಎನ್ನುವುದು ನಿಜವೇ?
(ರೈತರು, ಶಿಕಾರಿಪುರ ತಾಲ್ಲೂಕು)

ಉತ್ತರ: ಕಂಬ ಬಂತೆಂದರೆ ಫ್ಯಾನು ಬಂತೆಂದಲ್ಲ. ಆ ಕಂಬದಲ್ಲಿ ಬೇರೆಬೇರೆ ಎತ್ತರಕ್ಕೆ ಗಾಳಿವೇಗ ಅಳೆಯುವ ಬಟ್ಟಲುಗಳು, ದಿಕ್ಕು ತೋರುವ ಉಪಕರಣ, ತಾಪಮಾನ ಮತ್ತು ಒತ್ತಡದ ಮಾಪಕಗಳಿದ್ದು, ಹತ್ತು ನಿಮಿಷಕ್ಕೊಂದು ಸರಾಸರಿ ದಾಖಲಾಗುತ್ತದೆ. ಕನಿಷ್ಠ ಒಂದು ವರ್ಷ ಅಳೆದ ಮೇಲೆ, ಎಷ್ಟೋ ಕಡೆ ಕಂಬ ಬಿಚ್ಚಿಕೊಂಡು ಹೋಗುತ್ತಾರೆ.

ಕಂಬದ ಕರಾರು ಬೇರೆ, ಯಂತ್ರದ ಗುತ್ತಿಗೆ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಲು ಬಿಡಬೇಡಿ, ಜನರಲ್ ಪವರ್ ಆಫ್ ಅಟಾರ್ನಿ ಕೊಡಬೇಡಿ. ಎಳೆತಂತಿಗಳಿರುವ ಕಂಬವಾದರೆ ಅವು ಎಲ್ಲಿಯವರೆಗೆ ಬರುತ್ತವೆ ಎಂದು ನಕ್ಷೆಯಲ್ಲಿ ಗುರುತು ಮಾಡಿಸಿ, ಟ್ರ್ಯಾಕ್ಟರ್ ಅಲ್ಲಿಗೇ ಸಿಕ್ಕಿಕೊಳ್ಳುವುದು. ಯಂತ್ರದ ಗುತ್ತಿಗೆಯಲ್ಲಿ ಸರ್ವೆ ನಂಬರ್, ಎಷ್ಟು ಗುಂಟೆ, ರಸ್ತೆಗೆ ಎಷ್ಟು, ನೆಲದಡಿಯ ಕೇಬಲ್ ಎಲ್ಲಿ ಹಾಯುತ್ತದೆ, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಎಲ್ಲವೂ ಇರಲಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಹಳ ಜನ ಬಿಟ್ಟುಬಿಡುವ ಷರತ್ತೆಂದರೆ, ಯಂತ್ರದ ಆಯಸ್ಸು ಮುಗಿದ ಮೇಲೆ ಬಿಚ್ಚಿ ಒಯ್ಯುವವರು ಯಾರು ಎಂಬುದು. ಬುಡದ ಕಾಂಕ್ರೀಟ್ ಸುಮಾರು 20 ಮೀಟರ್ ಅಗಲ, ಮೂರು ಮೀಟರ್ ಆಳ ಇರುತ್ತದೆ. ಫೈಬರ್ ರೆಕ್ಕೆಯನ್ನು ಗುಜರಿಯವನೂ ಮುಟ್ಟುವುದಿಲ್ಲ.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಪ್ರಕಾರ ಶಬ್ದದ ಕಾರಣಕ್ಕೆ ವಾಸದ ಮನೆಗಳಿಂದ 500 ಮೀಟರ್ ದೂರವಿರಬೇಕು. ರಸ್ತೆ, ಹೈಟೆನ್ಷನ್ ಲೈನುಗಳಿಂದ ಟವರಿನ ಎತ್ತರಕ್ಕೆ ರೆಕ್ಕೆಗಳ ಅರ್ಧ ವ್ಯಾಸ ಮತ್ತು 5 ಮೀಟರ್ ಸೇರಿಸಿದಷ್ಟು ದೂರ, ಅಂದರೆ ನಮ್ಮ ಉದಾಹರಣೆಯ ಯಂತ್ರ 120 ಮೀಟರ್ ಟವರಿನ ಮೇಲಿದ್ದರೆ 185 ಮೀಟರ್. ಒಂದರ ಹಿಂದೊಂದು ಯಂತ್ರ ನಿಲ್ಲಿಸುವಾಗ ವ್ಯಾಸದ ಏಳು ಪಟ್ಟು, ಪಕ್ಕಪಕ್ಕಕ್ಕೆ ಐದು ಪಟ್ಟು ಅಂತರ ಬಿಡುವ ರೂಢಿಯಿದೆ. ನಡುವಿನ ನೆಲದಲ್ಲಿ ಜೋಳ ಬೆಳೆಯಲು ಅಡ್ಡಿಯಿಲ್ಲ.

ಮೋಡದ ಮಾತಿಗೆ ಆಧಾರವಿಲ್ಲ. ರೆಕ್ಕೆಯ ತುದಿ ಮುಟ್ಟುವುದು ನೆಲದಿಂದ 180-200 ಮೀಟರ್, ಬಯಲಿನಲ್ಲಿ ಮಳೆಮೋಡದ ತಳ ಅದಕ್ಕಿಂತ ಬಹಳ ಮೇಲಿರುತ್ತದೆ. ಯಂತ್ರಗಳಿರುವಲ್ಲಿ ಮಳೆ ಕಡಿಮೆ ಎನ್ನುವುದು ನಿಜ, ಆದರೆ ಅವು ಬಂದದ್ದೇ ಮೊದಲಿನಿಂದ ಮಳೆ ಕಡಿಮೆಯಿದ್ದ ಸೀಮೆಗೆ. ಯಂತ್ರಗಳ ಕೆಳಗೆ ರಾತ್ರಿಯ ನೆಲದ ಉಷ್ಣತೆ ಅಲ್ಪ ಏರುವುದು ಮಾತ್ರ ಅಳತೆಗೆ ಸಿಕ್ಕಿದೆ.

ಪ್ರಶ್ನೆ: ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲ. ಮನೆಯ ಮಾಡಿನ ಮೇಲೆ ಚಿಕ್ಕ ಫ್ಯಾನು ಕೂರಿಸಿದರೆ ಲೈಟಿಗಾದರೂ ಆಗುತ್ತದೆಯೇ?
(ಗೃಹಿಣಿ, ಹೊಸನಗರ ತಾಲ್ಲೂಕು)

ಉತ್ತರ: ಬೇಡ. ಎರಡೂವರೆ ಮೀಟರ್ ವ್ಯಾಸದ ಫ್ಯಾನಿಗೆ ಸೆಕೆಂಡಿಗೆ 3 ಮೀಟರ್ ಗಾಳಿ ಸಿಕ್ಕರೆ ಕೈಗೆ ಬರುವುದು ಸುಮಾರು 18 ವ್ಯಾಟ್. ತೋಟದ ನಡುವಿನ ಮನೆಯಲ್ಲಿ ಅಷ್ಟು ಗಾಳಿಯೂ ಸದಾ ಇರುವುದಿಲ್ಲ. ಸರಿಯಾಗಿ ತಿರುಗಬೇಕಾದರೆ ಸುತ್ತ 150 ಮೀಟರಿನೊಳಗಿನ ಮರಗಳಿಗಿಂತ 9 ಮೀಟರ್ ಮೇಲಿರಬೇಕು. ಅಡಿಕೆ ಮರದ ಎತ್ತರ ಸೇರಿಸಿದರೆ 25 ಮೀಟರ್ ಕಂಬ. ಮಾಡಿಗೆ ಕಟ್ಟಿದರೆ ನಡುಕಕ್ಕೆ ಹೆಂಚು ಸರಿದು ಸೋರುವುದು ಖಂಡಿತ.

ನಿಮ್ಮ ಮನೆಯ ಹಿಂದೆ ಗುಡ್ಡದ ಹಳ್ಳವಿದ್ದರೆ ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ಮನೆಮಟ್ಟಿಗೆ ಕರೆಂಟು ತೆಗೆಯುವ ಚಿಕ್ಕ ಯಂತ್ರ ನೋಡಿ, ಮಲೆನಾಡಿನ ಎಷ್ಟೋ ಒಂಟಿ ಮನೆಗಳು ಅದರಿಂದಲೇ ಬೆಳಗಿವೆ. ಸೆಕೆಂಡಿಗೆ 20 ಲೀಟರ್ ನೀರು 10 ಮೀಟರ್ ಎತ್ತರದಿಂದ ಬಂದರೆ ಸುಮಾರು 1 ಕಿಲೋವ್ಯಾಟ್ ಸಿಗುತ್ತದೆ. ಲೈಟು, ಫ್ಯಾನು, ಟಿ.ವಿ., ಮಿಕ್ಸಿಗೆ ಸಾಕು. 20 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಜುಲೈನಲ್ಲೂ ಡಿಸೆಂಬರ್‌ನಲ್ಲೂ ಅಳೆದು ಬರೆದಿಡಿ. ಪೈಪು 6 ಇಂಚಿನದಿರಲಿ, ಸಣ್ಣ ಪೈಪಿನಲ್ಲಿ ನೀರಿನ ಬಲ ಉಜ್ಜಾಟಕ್ಕೇ ಕಳೆದುಹೋಗುತ್ತದೆ. ಮನೆಯಲ್ಲಿ ಎಲ್ಲ ಸ್ವಿಚ್ಚೂ ಆರಿಸಿದಾಗ ಜನರೇಟರ್ ವೇಗ ಏರಿ ಬಲ್ಬು ಸುಡದಂತೆ, ಹೆಚ್ಚುವರಿ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಕಂಟ್ರೋಲರ್ ಕಡ್ಡಾಯ. ಆ ಕಾಯಿಲನ್ನು ಬಚ್ಚಲಿನ ನೀರು ಕಾಯಿಸಲು ಬಳಸಿಕೊಳ್ಳಬಹುದು. ಪೈಪಿನ ಬಾಯಿಗೆ ಜಾಲರಿ ಹಾಕಿ, ಮಳೆ ಹೆಚ್ಚಾದ ದಿನ ಬೆಳಗ್ಗೆ-ಸಂಜೆ ಎರಡೂ ಹೊತ್ತು ತರಗೆಲೆ ತೆಗೆಯಿರಿ. ನೀರು ಪೈಪಿಗೆ ಸೇರುವ ಮುಂಚೆ ಮರಳು ತಂಗಲು ಚಿಕ್ಕ ತೊಟ್ಟಿಯೊಂದನ್ನು ಕಟ್ಟಿಸಿ, ಇಲ್ಲದಿದ್ದರೆ ಟರ್ಬೈನಿನ ಬಟ್ಟಲುಗಳು ಬೇಗ ಸವೆಯುತ್ತವೆ.