ಇಎಸ್‌ಪಿ32 ಅಲ್ಲ, ರಿಸೀವರ್ ಬದಲಿಸಿ
ಮಹಡಿ ಬಾಗಿಲಿನ 433 ಮೆಗಾಹರ್ಟ್ಸ್ ರೇಡಿಯೋ ಸೆನ್ಸರ್‌ನ ಸಿಗ್ನಲ್ ಕೆಳಗಿನ ಗೇಟ್‌ವೇಗೆ (ಸೆನ್ಸರ್‌ಗಳ ಸಿಗ್ನಲ್ ಹಿಡಿದು ಮನೆಯ ನೆಟ್‌ವರ್ಕಿಗೆ ದಾಟಿಸುವ ಸಾಧನ) ಸಿಗ್ತಿಲ್ಲ, ಅದರೊಳಗಿನ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡ್) ಬದಲಿಸಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಟ್ರಾನ್ಸ್‌ಮಿಟರ್ ಜೊತೆ ಜೋಡಿಯಾಗಿ ಬರುವ ಆ ಅಗ್ಗದ ರಿಸೀವರ್ರೇ ದುರ್ಬಲ, ಸಿಗ್ನಲ್‌ಗಿಂತ ಗದ್ದಲವನ್ನೇ ಜಾಸ್ತಿ ಹಿಡಿಯುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿಗೆ ಹೋದಾಗ ಸೂಪರ್‌ಹೆಟರೊಡೈನ್ (ಬೇಕಾದ ಆವರ್ತನವನ್ನು ಗದ್ದಲದಿಂದ ಚೆನ್ನಾಗಿ ಬೇರ್ಪಡಿಸುವ ಬಗೆ) ರಿಸೀವರ್ ಅಂತಲೇ ಕೇಳಿ. ನನ್ನ ಆಯ್ಕೆ ಎಸ್‌ಆರ್‌ಎಕ್ಸ್882 ಅನ್ನೋ ಮಾಡ್ಯೂಲ್. 3.3 ವೋಲ್ಟಿನಲ್ಲೇ ನಡೆಯೋದರಿಂದ ಡೇಟಾ ಪಿನ್ ನೇರ ಇಎಸ್‌ಪಿಗೆ ಕೊಡಬಹುದು. ಅದರ ಸಿಎಸ್ ಪಿನ್ನಿಗೂ 3.3 ವೋಲ್ಟ್ ಕೊಡಿ, ಇಲ್ಲದಿದ್ದರೆ ಮಾಡ್ಯೂಲ್ ಮಲಗೇ ಇರುತ್ತೆ. ಆಂಟೆನಾ ಪ್ಯಾಡಿಗೆ 17.3 ಸೆಂ.ಮೀ. ತಾಮ್ರದ ತಂತಿ ಬೆಸುಗೆ ಹಾಕಿ ನೆಟ್ಟಗೆ ನಿಲ್ಲಿಸಿ. ತರಂಗಾಂತರದ ಕಾಲು ಭಾಗ ಅಷ್ಟು. ಮಡಚಿ ಡಬ್ಬಿಯೊಳಗೆ ತುರುಕಬೇಡಿ. ಯುಪಿಎಸ್, ಚಾರ್ಜರ್‌ಗಳಿಂದ ದೂರ ಇಡಿ.

ಹಾಂ, ಇದೇ ರಿಸೀವರಿನಲ್ಲಿ ಗೇಟಿನ ರಿಮೋಟಿನ ಕೋಡನ್ನೂ ಹಿಡಿಯೋ ಯೋಚನೆ ಇದ್ದರೆ ನೆನಪಿಡಿ: ಆ ರಿಮೋಟ್ ರೋಲಿಂಗ್ ಕೋಡ್‌ನದಾದರೆ (ಒತ್ತಿದಾಗಲೆಲ್ಲ ಕೋಡ್ ಬದಲಾಗುವ ಬಗೆ) ಹಿಡಿದ ಕೋಡನ್ನೇ ಮತ್ತೆ ಕಳಿಸಿದರೆ ಗೇಟು ತೆರೆಯಲ್ಲ.