ಶಿಡ್ಲಘಟ್ಟದ ವೆಲ್ಡಿಂಗ್ ಶಾಪಿನಲ್ಲಿ ವಿಮಾನ ಕಟ್ಟಬಹುದೇ?

ನಿಮ್ಮ ಪ್ರಶ್ನೆ ಒಂದಲ್ಲ, ನಾಲ್ಕು. ಶಿಡ್ಲಘಟ್ಟದಲ್ಲಿ ವೆಲ್ಡಿಂಗ್ ಶಾಪ್ ಇದೆ, ರೀಲಿಂಗ್ ಮಷೀನು, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುತ್ತೀರಿ. ಎರಡು ಸೀಟಿನ ಚಿಕ್ಕ ವಿಮಾನವನ್ನು ಸ್ವಂತ ಕೈಯಲ್ಲಿ ಕಟ್ಟಬಹುದೇ, ಹಳೆಯ ಮಾರುತಿ ಎಂಜಿನ್ ಕೂರಿಸಬಹುದೇ, ಬಂಕಿನ ಪೆಟ್ರೋಲು ನಡೆಯುತ್ತದೆಯೇ, ಕಟ್ಟಿದ ಮೇಲೆ ಸಾಕುವುದು ಎಷ್ಟು ಕಷ್ಟ ಎಂದು ಕೇಳಿದ್ದೀರಿ. ನಾನು ತರಬೇತಿ ವಿಮಾನಗಳ ಹ್ಯಾಂಗರಿನಲ್ಲಿ ಬಹಳ ವರ್ಷ ಸ್ಪ್ಯಾನರ್ ಹಿಡಿದವನು. ಈಗ ಚಿಕ್ಕಬಳ್ಳಾಪುರದಲ್ಲೇ ಇದ್ದೇನೆ, ಪರಿಚಯದವರೊಬ್ಬರ ಕಿಟ್ ವಿಮಾನದ (ಕಂಪನಿಯಿಂದ ಭಾಗಗಳನ್ನು ತರಿಸಿ ನಾವೇ ಜೋಡಿಸುವಂಥದ್ದು) ತಪಾಸಣೆಗೆ ಹೋಗಿಬರುತ್ತೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಕಾಗದದ ಮಾತು ಮೊದಲು ಮುಗಿಸಿಬಿಡೋಣ, ಏಕೆಂದರೆ ವಿಡಿಯೋ ಮಾಡುವವರು ಯಾರೂ ಇದನ್ನು ಹೇಳುವುದಿಲ್ಲ. ಅಮೆರಿಕದಲ್ಲಿ ಹವ್ಯಾಸಿಗಳು ಕಟ್ಟಿದ ವಿಮಾನಕ್ಕೆಂದೇ ಪ್ರತ್ಯೇಕ ವರ್ಗ ಇದೆ. ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಮಾಡಿರಬೇಕು, ಅದಕ್ಕೇ ಅದನ್ನು 51 ಪರ್ಸೆಂಟ್ ನಿಯಮ ಅನ್ನುತ್ತಾರೆ. ನೀವು ನೋಡಿದ ವಿಡಿಯೋಗಳು ಬಹುತೇಕ ಅಲ್ಲಿಯವು. ನಮ್ಮಲ್ಲಿ ದಾರಿ ಅಷ್ಟು ಸಲೀಸಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ಅದು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಿಸಲು ಅನುಮತಿ ಸಿಕ್ಕಿದ್ದು 2019ರಲ್ಲಿ. ಕಟ್ಟಿದ್ದಕ್ಕಿಂತ ಅಲೆದಾಡಿದ್ದೇ ದೊಡ್ಡ ಕತೆ. ಹಾಗಾಗಿ ಒಂದು ತಗಡು ಕತ್ತರಿಸುವ ಮೊದಲೇ ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ಕಚೇರಿಗೆ ಬರವಣಿಗೆಯಲ್ಲಿ ಕೇಳಿ: ಈ ಮಾದರಿಯ ಕಿಟ್, ಇಷ್ಟು ತೂಕ, ಯಾವ ವರ್ಗದಲ್ಲಿ ನೋಂದಣಿ ಆಗುತ್ತದೆ ಎಂದು. ಉತ್ತರ ಕೈಗೆ ಬಂದ ಮೇಲೇ ದುಡ್ಡು ಬಿಚ್ಚಿ. ಇನ್ನೊಂದು, ನಮ್ಮ ಜಿಲ್ಲೆ ಇರುವುದು ದೇವನಹಳ್ಳಿ ಏರ್‌ಪೋರ್ಟಿನ ಮಗ್ಗುಲಲ್ಲಿ, ಯಲಹಂಕದ ವಾಯುಪಡೆ ನೆಲೆಯೂ ದೂರವಿಲ್ಲ. ಹೊಲದಿಂದ ಏರಿ ನಂದಿ ಬೆಟ್ಟ ಸುತ್ತಿ ಬರುತ್ತೇನೆ ಅನ್ನುವ ಆಸೆ ಇದ್ದರೆ ಈಗಲೇ ಬಿಡಿ. ಕಟ್ಟುವುದು ಶಿಡ್ಲಘಟ್ಟದಲ್ಲಿ, ಹಾರಿಸುವುದು ಅನುಮತಿ ಇರುವ ಬೇರೆ ಕಡೆ ಎಂದು ಲೆಕ್ಕ ಹಾಕಿಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ನಿಮಗೆ ವೆಲ್ಡಿಂಗ್ ಬರುತ್ತದೆ ಅನ್ನುವುದು ಒಳ್ಳೆಯದೇ, ಆದರೆ ಆ ಕೈಯ ಅರ್ಧ ಅಭ್ಯಾಸಗಳನ್ನು ಇಲ್ಲಿ ಬಿಡಬೇಕಾಗುತ್ತದೆ. ಇವತ್ತಿನ ಹೆಚ್ಚಿನ ಕಿಟ್‌ಗಳು ಅಲ್ಯೂಮಿನಿಯಂ ತಗಡಿನವು, 6061-ಟಿ6 ಅಥವಾ 2024-ಟಿ3 ಎಂಬ ದರ್ಜೆಯವು. 6061-ಟಿ6ಗೆ ವೆಲ್ಡಿಂಗ್ ಬಿಸಿ ತಾಗಿದರೆ ಆ ಸುತ್ತಿನ ಜಾಗದಲ್ಲಿ ಬಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಜೋಡಣೆ ಗಟ್ಟಿಯಾಗೇ ಕಾಣುತ್ತದೆ, ಅದೇ ಅಪಾಯ. ಅದಕ್ಕೇ ಎಲ್ಲಾ ರಿವೆಟ್, ಅಂದರೆ ತೂತಿಗೆ ತೂರಿಸಿ ಇನ್ನೊಂದು ಕಡೆ ಬಡಿದು ತಲೆ ಮಾಡುವ ಮೊಳೆ. ನೀವು ಗುರುತು ಹಾಕಲು ಬಳಸುವ ಗೀರುಮೊಳೆಯನ್ನು ಈ ತಗಡಿನ ಹತ್ತಿರ ತರಬೇಡಿ, ಅದು ಎಳೆದ ಗೀರಿನಿಂದಲೇ ನಾಳೆ ಬಿರುಕು ಹೊರಡುತ್ತದೆ. ಸೀಸದ ಕಡ್ಡಿಯೂ ಬೇಡ, ಪೆನ್ಸಿಲ್ಲಿನ ಗ್ರಾಫೈಟ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಮಾರ್ಕರ್ ಪೆನ್ನೇ ಸರಿ. ಗ್ರೈಂಡರಿನ ಕಬ್ಬಿಣದ ಧೂಳು ಹಾರುವ ಶೆಡ್ಡಿನಲ್ಲಿ ರೆಕ್ಕೆ ಇಡಲೇಬೇಡಿ, ಆ ಧೂಳು ತಗಡಿಗೆ ಅಂಟಿ ಒಳಗೊಳಗೇ ಕೊರೆಯುತ್ತದೆ. ಪಕ್ಕದಲ್ಲಿ ಗೋಡೆ ಹಾಕಿದ ಬೇರೆ ಕೋಣೆ ಬೇಕು. ರೇಷ್ಮೆಗೂಡು ಒಣಗಿಸಿಡುವ ಹಳೆಯ ಕೋಣೆಯಂಥದ್ದು ಸಿಕ್ಕರೆ ಸಾಕು.

ರಿವೆಟ್ ಹೊಡೆಯುವುದು ಒಂದು ವಾರದಲ್ಲಿ ಕೈಗೆ ಬರುತ್ತದೆ. ಕಣ್ಣಿಗೆ ಬರಲು ಹೆಚ್ಚು ದಿನ ಬೇಕು. 3.2 ಮಿ.ಮೀ. ಗಟ್ಟಿ ರಿವೆಟ್ ಎಂದರೆ ಬಡಿದ ಕಡೆಯ ತಲೆ ಸುಮಾರು 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು: ಅಗಲ ಒಂದೂವರೆ ಪಟ್ಟು, ಎತ್ತರ ಅರ್ಧ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ ರಿವೆಟ್ಟಿನ ದಪ್ಪದ ಎರಡು ಪಟ್ಟು ದೂರ. ಪ್ರತಿ ತೂತಿನ ಅಂಚಿನ ಮುಳ್ಳನ್ನು ಕೆರೆದು ತೆಗೆಯಬೇಕು. ಸಾವಿರಾರು ತೂತು, ಪ್ರತಿಯೊಂದಕ್ಕೂ ಎರಡು ಕಡೆ. ಬೇಸರ ಬರುವುದು ಇಲ್ಲೇ, ಜನ ಬಿಟ್ಟುಹೋಗುವುದೂ ಇಲ್ಲೇ. ಒಬ್ಬೊಬ್ಬರಿಗೆ ಸಾವಿರದಿಂದ ಎರಡು ಸಾವಿರ ಗಂಟೆ ಹಿಡಿಯುವ ಕೆಲಸ ಇದು. ಶಾಪ್ ಮುಚ್ಚಿದ ಮೇಲೆ ದಿನಕ್ಕೆರಡು ಗಂಟೆ ಕೂತರೆ ಎಷ್ಟು ವರ್ಷ ಆಗುತ್ತದೆ ಎಂದು ನೀವೇ ಲೆಕ್ಕ ಹಾಕಿ, ಮನೆಯವರಿಗೂ ಹೇಳಿ.

ಆದರೂ ನಾನು ಒತ್ತಿ ಹೇಳಬೇಕೆಂದಿರುವುದು ರಿವೆಟ್ ವಿಷಯ ಅಲ್ಲ. ಕಟ್ಟುವಾಗಲೇ ಬಿಚ್ಚುವುದನ್ನು ಯೋಚಿಸಿ. ಹೊಸದಾಗಿ ಕಟ್ಟುವವರೆಲ್ಲ ಹಾರುವ ದಿನವನ್ನೇ ಕಣ್ಣಮುಂದೆ ಇಟ್ಟುಕೊಳ್ಳುತ್ತಾರೆ. ನಾನು ನೋಡುವುದು ಐದನೆಯ ವರ್ಷದ ತಪಾಸಣೆಯನ್ನು. ಸೀಟಿನ ಕೆಳಗೆ ಹಾದುಹೋಗುವ ಕಂಟ್ರೋಲ್ ಕೇಬಲ್ಲಿನ ಪುಲ್ಲಿ ಕಾಣಬೇಕಾದರೆ ಎಷ್ಟು ಸ್ಕ್ರೂ ತೆಗೆಯಬೇಕು? ಇಂಧನ ಫಿಲ್ಟರಿಗೆ ಸ್ಪ್ಯಾನರ್ ತಿರುಗುವಷ್ಟು ಜಾಗ ಇದೆಯೇ? ಬಾಲದಲ್ಲಿ ಮೇಲೆ ಕೆಳಗೆ ಆಡುವ ಎಲಿವೇಟರಿನ ಹಿಂಜಿನ ಸ್ಪ್ಲಿಟ್ ಪಿನ್ ಅನ್ನು ಟಾರ್ಚ್ ಹಿಡಿದು ನೋಡಬಹುದೇ, ಅಥವಾ ಬೆರಳಿನಲ್ಲಿ ತಡವಿ ಇದೆ ಅಂದುಕೊಳ್ಳಬೇಕೇ? ಕೈ ಹೋಗದ ಜಾಗವನ್ನು ಯಾರೂ ನೋಡುವುದಿಲ್ಲ. ಮೊದಲ ವರ್ಷ ಕಷ್ಟಪಟ್ಟು ನೋಡುತ್ತಾರೆ, ಮೂರನೆಯ ವರ್ಷ ಪುಸ್ತಕದಲ್ಲಿ ಟಿಕ್ ಮಾತ್ರ ಬೀಳುತ್ತದೆ. ಕಿಟ್ ಕಂಪನಿಯ ನಕ್ಷೆಯಲ್ಲಿ ಇರುವ ತಪಾಸಣೆ ಮುಚ್ಚಳಗಳನ್ನು ಅಂದಕ್ಕೆಂದು ಬಿಡಬೇಡಿ. ಹೆಚ್ಚು ಬೇಕೆನಿಸಿದರೆ ಕಂಪನಿಯನ್ನು ಕೇಳಿ ಹಾಕಿ. ನೀವಾಗಿ ತೂತು ಕೊರೆಯಬೇಡಿ, ಅಲ್ಲಿ ಯಾವ ಭಾರ ಹಾದುಹೋಗುತ್ತಿದೆಯೋ ನಮಗೆ ಗೊತ್ತಿರುವುದಿಲ್ಲ.

ಮುಚ್ಚುವ ಮೊದಲು ಪ್ರತಿ ಭಾಗವನ್ನೂ ಇನ್ನೊಬ್ಬರಿಗೆ ತೋರಿಸಿ. ನಿಮ್ಮ ಕೈಕೆಲಸವನ್ನು ನಿಮ್ಮ ಕಣ್ಣು ಕ್ಷಮಿಸಿಬಿಡುತ್ತದೆ. ಬೋಲ್ಟ್ ಬಿಗಿದ ಮೇಲೆ ಟಾರ್ಕ್ ರೆಂಚಿನ ಅಳತೆ ಬರೆದಿಡಿ, ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ಅಲುಗಾಡಿದೆ ಎಂದು ಮುಂದಿನ ಸಲ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ತಿರುಗುವ ಜೋಡಣೆಗಳಲ್ಲಿ ಬರೀ ನೈಲಾಕ್ ನಟ್ಟನ್ನು (ಒಳಗೆ ನೈಲಾನ್ ಉಂಗುರ ಇರುವುದು) ನಂಬಬೇಡಿ, ಪಿನ್ ಕೂರಲು ಕಚ್ಚುಗಳಿರುವ ಕ್ಯಾಸಲ್ ನಟ್ಟು ಮತ್ತು ಪಿನ್ನೇ ಬೇಕು. ನಮ್ಮ ಹಾರ್ಡ್‌ವೇರ್ ಅಂಗಡಿಯ ಬೋಲ್ಟನ್ನು, ಎಷ್ಟೇ ಮಿಂಚುತ್ತಿರಲಿ, ಇದರಲ್ಲಿ ಹಾಕುವಂತಿಲ್ಲ.

ಮಾರುತಿ ಎಂಜಿನ್ ವಿಷಯ. ಸುಜುಕಿ ಎಂಜಿನ್, ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಹಾಕಿ ಹಾರಿದವರು ಹೊರದೇಶಗಳಲ್ಲಿ ಇದ್ದಾರೆ, ಸುಳ್ಳಲ್ಲ. ಆದರೆ ಮಾರುತಿ 800ರ ಮೂರು ಸಿಲಿಂಡರ್, 796 ಸಿಸಿ ಎಂಜಿನ್ ಹೆಚ್ಚಿನ ಮಾದರಿಗಳಲ್ಲಿ ಕೊಡುವುದು 40 ಅಶ್ವಶಕ್ತಿಯೊಳಗೆ. ಎರಡು ಸೀಟಿಗೆ 80ರಿಂದ 100 ಬೇಕು. ಅದಕ್ಕಿಂತ ದೊಡ್ಡ ತೊಡಕು ವೇಗದ್ದು. ಕಾರಿನ ಎಂಜಿನ್ ಬಲ ಕೊಡುವುದು ನಿಮಿಷಕ್ಕೆ 5,000 ಸುತ್ತಿನ ಮೇಲೆ. 1.7 ಮೀಟರ್ ಪ್ರೊಪೆಲ್ಲರನ್ನು 5,500 ಸುತ್ತು ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ ಸುಮಾರು 490 ಮೀಟರ್ ಓಡಬೇಕು. ಶಬ್ದದ ವೇಗವೇ ಸುಮಾರು 345. ತುದಿ ಶಬ್ದವನ್ನು ದಾಟಿದರೆ ಕಿರುಚಾಟ ಸಿಗುತ್ತದೆ, ಎಳೆತ ಸಿಗುವುದಿಲ್ಲ. ಹಾಗಾಗಿ ನಡುವೆ ಗೇರ್ ಅಥವಾ ಬೆಲ್ಟ್ ಬೇಕು, ಅದರ ಜೊತೆಗೆ ತಿರುಚುವ ನಡುಕ ಬರುತ್ತದೆ, ಮನೆಯಲ್ಲಿ ಕೂಡಿಸಿದ ಎಂಜಿನ್‌ಗಳು ಕೈಕೊಡುವುದು ಹೆಚ್ಚಾಗಿ ಈ ನಡುವಿನ ಜಾಗದಲ್ಲೇ. ಕಾರು ಹೈವೇಯಲ್ಲಿ ಓಡುವಾಗ ತನ್ನ ಶಕ್ತಿಯ ಸ್ವಲ್ಪ ಪಾಲನ್ನಷ್ಟೇ ಖರ್ಚು ಮಾಡುತ್ತದೆ. ವಿಮಾನದ ಎಂಜಿನ್ ಗಂಟೆಗಟ್ಟಲೆ ಮುಕ್ಕಾಲು ಪಾಲು ಎಳೆಯುತ್ತಲೇ ಇರಬೇಕು.

ಚಿಕ್ಕ ವಿಮಾನಗಳಿಗೆಂದೇ ಮಾಡಿದ ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್ ಕೂಡ 5,500 ಸುತ್ತಿನದ್ದೇ. ಆದರೆ 2.43ರ ಗೇರ್ ಇಳಿಕೆ ಅದರ ಹೊಟ್ಟೆಯಲ್ಲೇ ಇದೆ, ಪ್ರೊಪೆಲ್ಲರ್ ತಿರುಗುವುದು 2,260ರ ಸುಮಾರು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹೊಸ ಎರಡು ಸೀಟಿನ ತರಬೇತಿ ವಿಮಾನ ಹಂಸ-ಎನ್‌ಜಿ ಕೂಡ ಇದೇ ವಂಶದ 912 ಐಎಸ್ ಮೇಲೆ ಹಾರುತ್ತದೆ. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುತ್ತೀರಿ, ಎಂಜಿನ್ ಒಂದಕ್ಕೇ ಒಂದು ಒಳ್ಳೆಯ ಕಾರು ಬರುತ್ತದೆ. ಆದರೂ ನನ್ನ ಅಭಿಪ್ರಾಯ ಗಟ್ಟಿ: ಮೊದಲ ವಿಮಾನದಲ್ಲಿ ಎಂಜಿನ್ ಪ್ರಯೋಗ ಬೇಡ. ಪ್ರಯೋಗ ಮಾಡುವ ಹಟ ಇದ್ದರೆ ಕಾರಿನ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಕಟ್ಟಿ ನೆಲದಲ್ಲೇ ನೂರಾರು ಗಂಟೆ ಓಡಿಸಿ.

ನಮ್ಮ ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಆ ಎತ್ತರಕ್ಕೆ ವಿಮಾನದ ಲೆಕ್ಕಗಳು ಆಧಾರವಾಗಿ ಹಿಡಿಯುವ ತಾಪಮಾನ 9 ಡಿಗ್ರಿ, ಏಪ್ರಿಲ್ ಮಧ್ಯಾಹ್ನ ಇರುವುದು 35. ಗಾಳಿ ಅಷ್ಟು ತೆಳುವಾದಾಗ ವಿಮಾನಕ್ಕೆ ತಾನು 6,000 ಅಡಿಯಲ್ಲಿ ಇದ್ದಂತೆ ಅನಿಸುತ್ತದೆ, ನೂರು ಅಶ್ವಶಕ್ತಿಯ ಎಂಜಿನ್ 80ರ ಆಸುಪಾಸಿಗೆ ಇಳಿಯುತ್ತದೆ, ರೆಕ್ಕೆಯೂ ಸೋಮಾರಿಯಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ, ನೆಲ ಬಿಡುವ ಮೊದಲಿನ ಓಟದ ದೂರವನ್ನು ಇಲ್ಲಿ ನಂಬಿದರೆ ಎದುರಿಗಿನ ನೀಲಗಿರಿ ತೋಪೇ ಉತ್ತರ ಹೇಳುತ್ತದೆ. ನಮ್ಮಲ್ಲಿ ಹಾರುವವರು ಬೆಳಗ್ಗೆ ಒಂಬತ್ತರೊಳಗೆ ಮುಗಿಸುವುದು ಸುಮ್ಮನೆ ಅಲ್ಲ.

ಪೆಟ್ರೋಲು. ಇದು ಈಗ ದೊಡ್ಡ ತಲೆನೋವು. 912 ಎಂಜಿನ್‌ಗೆ ಕಂಪನಿ ಒಪ್ಪುವುದು ಶೇ. 10ರವರೆಗಿನ ಎಥನಾಲ್. ನಮ್ಮ ಬಂಕುಗಳಲ್ಲಿ ಈಗ ಬರುತ್ತಿರುವುದು ಶೇ. 20ರದ್ದು. ಎಥನಾಲ್ ಹಳೆಯ ರಬ್ಬರ್ ಪೈಪನ್ನು ಊದಿಸುತ್ತದೆ, ಕೆಲವು ಫೈಬರ್ ಟ್ಯಾಂಕಿನ ರೆಸಿನ್ನನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ. ಮೊದಲು ಎಂಜಿನ್‌ಗೆ ಹೋಗುವುದು ತಳದ್ದೇ. ಪರೀಕ್ಷೆ ಸುಲಭ: ಗೆರೆಗಳಿರುವ ಗಾಜಿನ ಕೊಳವೆಯಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲು ಹಾಕಿ ಕುಲುಕಿ ನಿಲ್ಲಿಸಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರಿಕೊಳ್ಳುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ, 28ರ ಹತ್ತಿರ ಏರಿದರೆ ಶೇ. 20. ಪೆಟ್ರೋಲು ಹೊಂದದಿದ್ದರೆ ವಿಮಾನ ನಿಲ್ದಾಣದಲ್ಲಿ ಸಿಗುವ ವಿಮಾನದ ಪೆಟ್ರೋಲು, ಆವ್‌ಗ್ಯಾಸ್ 100ಎಲ್‌ಎಲ್. ದುಬಾರಿ, ಸೀಸ ಇರುತ್ತದೆ, ಆ ಸೀಸ ಎಂಜಿನ್ ಎಣ್ಣೆಯಲ್ಲಿ ಕೆಸರಾಗಿ ಕೂರುವುದರಿಂದ ನೂರು ಗಂಟೆಯ ಬದಲು ಐವತ್ತಕ್ಕೇ ಎಣ್ಣೆ ಬದಲಿಸಬೇಕು.

ಎಣ್ಣೆ ಬದಲಿಸಿದಾಗ ಹಳೆಯ ಫಿಲ್ಟರನ್ನು ಬಿಸಾಡದೆ ಕತ್ತರಿಸಿ, ಒಳಗಿನ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ. ಆಯಸ್ಕಾಂತದ ಪ್ಲಗ್ಗಿಗೆ ಅಂಟಿದ ಮಸಿಯಂಥ ನುಣುಪು ಪುಡಿ ಮಾಮೂಲು, ಚೂರು ಕಂಡರೆ ಹಾರಾಟ ನಿಲ್ಲಿಸಿ. ಎಣ್ಣೆ ಮಟ್ಟ ನೋಡುವ ಮೊದಲು ಇಗ್ನಿಷನ್ ಬಂದ್ ಮಾಡಿ, ಪ್ರೊಪೆಲ್ಲರನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಹೋಗಿ, ಎಣ್ಣೆ ಟ್ಯಾಂಕಿನಲ್ಲಿ ಗುಳುಕ್ ಎಂದು ತೇಗಿದಾಗ ಎಣ್ಣೆ ಎಲ್ಲಾ ವಾಪಸ್ ಬಂದಿದೆ ಎಂದು ಅರ್ಥ. ರಬ್ಬರ್ ಪೈಪುಗಳೆಲ್ಲ ಐದು ವರ್ಷಕ್ಕೆ ಬದಲಾಗಬೇಕು, ಹಾರಲಿ ಬಿಡಲಿ. ಈ ಎಂಜಿನ್ನಿನ ಆಯಸ್ಸು 2,000 ಗಂಟೆ ಅಥವಾ 15 ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ ನಲವತ್ತು ಗಂಟೆ ಹಾರುವ ನಮ್ಮಂಥವರಿಗೆ 15 ವರ್ಷದಲ್ಲಿ ಆಗುವುದು 600 ಗಂಟೆ. ಕ್ಯಾಲೆಂಡರೇ ಎಂಜಿನ್ನನ್ನು ತಿನ್ನುತ್ತದೆ.

ವಿದೇಶದ ಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗುವ ಒಂದು ವಿಷಯ ನಮ್ಮಲ್ಲಿ ದೊಡ್ಡದು: ಮಣ್ಣಿನ ಗೂಡು ಕಟ್ಟುವ ಕಡಜ. ವೇಗ ಅಳೆಯುವ ಪಿಟೋಟ್ ಕೊಳವೆ, ಟ್ಯಾಂಕಿನ ಗಾಳಿಕಿಂಡಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಊಟ ಮಾಡಿ ಬರುವಷ್ಟರಲ್ಲಿ ಮಣ್ಣು ತುಂಬಲು ಶುರು ಮಾಡಿರುತ್ತದೆ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ರಿಪಬ್ಲಿಕ್ ಬಳಿ 189 ಜನರಿದ್ದ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು ಯಾರೂ ಉಳಿಯಲಿಲ್ಲ. ಪಿಟೋಟ್ ಕೊಳವೆ ಮುಚ್ಚಿಹೋಗಿತ್ತು, ತನಿಖೆಯವರ ಅನುಮಾನ ಹೋದದ್ದು ಇಂಥದ್ದೇ ಕಡಜದ ಗೂಡಿನ ಮೇಲೆ. ಇಳಿದ ತಕ್ಷಣ ಕೆಂಪು ಪಟ್ಟಿಯ ಮುಚ್ಚಳ ಹಾಕಿ. ಇಲಿಗೆ ವೈರಿನ ರುಚಿ ಹತ್ತಿದರೆ ಇನ್ನೊಂದು ಕತೆ, ಹ್ಯಾಂಗರಿನಲ್ಲಿ ರಾಗಿ ಮೂಟೆ ಇಡಬೇಡಿ ಎಂದಷ್ಟೇ ಹೇಳುತ್ತೇನೆ.

ಕೊನೆಗೆ ತೂಕ. ಬಣ್ಣ, ಸೀಟಿನ ಕುಶನ್ನು, ಚೆಂದದ ಕಾರ್ಪೆಟ್ ಸೇರಿ ಹತ್ತಿಪ್ಪತ್ತು ಕಿಲೋ ಗೊತ್ತಿಲ್ಲದೆ ಏರುತ್ತದೆ. ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗಬೇಕು. ಮುಂದಿನ ಚಕ್ರ 60 ಕಿಲೋ, ಹಿಂದಿನವು ಎರಡೂ ಸೇರಿ 230 ಎನ್ನಿ. ಮೂಗಿನಿಂದ ಅವುಗಳ ದೂರ 0.8 ಮತ್ತು 2.2 ಮೀಟರ್ ಆದರೆ, ತೂಕವನ್ನು ದೂರದಿಂದ ಗುಣಿಸಿದಾಗ ಬರುವ 48 ಮತ್ತು 506 ಕೂಡಿಸಿ ಒಟ್ಟು ತೂಕ 290ರಿಂದ ಭಾಗಿಸಿ: ತೂಕದ ನಡು 1.91 ಮೀಟರಿನಲ್ಲಿ. ಖಾಲಿ ವಿಮಾನದ ಈ ಅಂಕಿಗೆ ಇಬ್ಬರು ಜನ, ಪೆಟ್ರೋಲು, ಬ್ಯಾಗು ಸೇರಿಸಿ ಮತ್ತೆ ಲೆಕ್ಕ ಮಾಡಿ. ಕಂಪನಿ ಕೊಟ್ಟ ಮಿತಿಗಿಂತ ಒಂದು ಬೆರಳು ಹಿಂದೆ ಹೋದರೂ ಹಾರಿಸಬೇಡಿ. ಮೊದಲ ಹಾರಾಟವನ್ನು ನೀವು ಮಾಡಬೇಡಿ, ಆ ಮಾದರಿಯಲ್ಲಿ ಹಾರಿ ಗೊತ್ತಿರುವ ಪೈಲಟ್‌ಗೆ ಬಿಡಿ.

ಈಗ ಮಾಡಬೇಕಾದ್ದು ಇಷ್ಟೇ. ಇಡೀ ಕಿಟ್ ತರಿಸಬೇಡಿ. ಹಲವು ಕಂಪನಿಗಳು ಬಾಲದ ಭಾಗವನ್ನು ಮಾತ್ರ ಬೇರೆಯಾಗಿ ಮಾರುತ್ತವೆ. ಅದಕ್ಕೂ ಮೊದಲು ಒಂದಡಿ ಉದ್ದದ ಎರಡು ತಗಡಿನ ಚೂರಿಗೆ ಐವತ್ತು ರಿವೆಟ್ ಹೊಡೆದು, ಹತ್ತನ್ನು ಡ್ರಿಲ್ ಹಾಕಿ ತೂತು ದೊಡ್ಡದಾಗದಂತೆ ಬಿಚ್ಚಿ. ಬಿಚ್ಚಿದ ತೂತಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.