500 ಸ್ಟಿಕ್ಕರ್‌ಗೆ ಒಂದು ಮನೆ ಯಂತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯಲ್ಲೇ 12 ಇಂಚು ಅಗಲದ ಕ್ರಾಫ್ಟ್ ಕಟಿಂಗ್ ಯಂತ್ರ ಇಟ್ಟುಕೊಂಡು ಹೆಸರಿನ ಸ್ಟಿಕ್ಕರ್ ಮಾಡಿಕೊಡುತ್ತೇನೆ. ಮದುವೆಯೊಂದರಲ್ಲಿ ತಾಂಬೂಲದ ಜೊತೆ ಕೊಡುವ ಸ್ಟೀಲ್ ಬಾಟಲಿಗಳಿಗೆ 2 ಇಂಚು ಚೌಕದ 500 ಸ್ಟಿಕ್ಕರ್ ಕೇಳಿದ್ದಾರೆ. ನಾಲ್ಕೈದು ಹಾಳೆಗಳಾದ ಮೇಲೆ ಅಕ್ಷರಗಳ ಅಂಚು ಹರಿಯುತ್ತಿದೆ. ಒತ್ತಡ ಹೆಚ್ಚಿಸಿದರೆ ಅಡಿಯ ಕಾಗದವೂ ಕತ್ತರಿಸುತ್ತದೆ. ಒತ್ತಕ್ಷರಗಳಂತೂ ಮೊದಲ ಹಾಳೆಯಿಂದಲೇ ತುಂಡಾಗಿ ಬರುತ್ತಿವೆ. ಏನು ಮಾಡಲಿ?
— ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ಒತ್ತಡವನ್ನು ಹಿಂದಿನ ಅಳತೆಗೇ ಇಳಿಸಿರಿ. ಮೊದಲ ನಾಲ್ಕು ಹಾಳೆಗಳು ಸರಿಯಾಗಿ ಬಂದಿವೆ ಎಂದರೆ ಆ ಅಳತೆ ತಪ್ಪಲ್ಲ. ನಡುವೆ ಕೆಟ್ಟದ್ದು ಬೇರೆ ಏನೋ ಇದೆ. ಬಹುಮಟ್ಟಿಗೆ ಅದು ಬ್ಲೇಡಿನ ತುದಿಗೆ ಅಂಟಿಕೊಂಡ ವಿನೈಲಿನ (ಸ್ಟಿಕ್ಕರ್ ಮಾಡುವ ತೆಳು ಪ್ಲಾಸ್ಟಿಕ್ ಹಾಳೆಯ) ಚೂರು, ಇಲ್ಲವೇ ಧೂಳು ಹಿಡಿದು ಜಿಗುಟು ಕಳೆದುಕೊಂಡ ಮ್ಯಾಟ್, ಎಂದರೆ ಕತ್ತರಿಸುವಾಗ ಹಾಳೆಯನ್ನು ಹಿಡಿದಿಡುವ ಅಂಟು ಹಾಸು. ಎರಡು ಮೂರು ಹಾಳೆಗೊಮ್ಮೆ ಬ್ಲೇಡನ್ನು ಹೊರತೆಗೆದು, ಅಲ್ಯೂಮಿನಿಯಂ ಹಾಳೆಯ ಉಂಡೆಗೆ ಹತ್ತಾರು ಬಾರಿ ಚುಚ್ಚಿ ತೆಗೆದರೆ ತುದಿ ಸ್ವಚ್ಛವಾಗುತ್ತದೆ. ಮ್ಯಾಟನ್ನು ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಆರಿಸಿರಿ. ಬಟ್ಟೆಯಿಂದ ಒರೆಸಿದರೆ ಅದರ ನೂಲೇ ಅಂಟಿಕೊಳ್ಳುತ್ತದೆ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಚೌಕವನ್ನು ಕತ್ತರಿಸಿ ನೋಡುವ ಅಭ್ಯಾಸವಿರಲಿ: ಚೌಕ ಸಲೀಸಾಗಿ ಎದ್ದು ಬಂದು, ಅಡಿಯ ಕಾಗದದ ಮೇಲೆ ಬರಿಯ ಗೀರು ಮಾತ್ರ ಉಳಿದಿದ್ದರೆ ಒತ್ತಡ ಸರಿಯಾಗಿದೆ.

ಇನ್ನು ಲೆಕ್ಕ. ಸ್ಟಿಕ್ಕರ್‌ಗಳ ನಡುವೆ ಕಾಲು ಇಂಚು ಬಿಟ್ಟರೆ ಒಂದು ಸಾಲಿಗೆ 5 ಸ್ಟಿಕ್ಕರ್ ಸೇರಿ 11 ಇಂಚಾಗುತ್ತದೆ. ಐದು ಸಾಲಿಗೆ 25. ಅಲ್ಲಿಗೆ 500ಕ್ಕೆ 20 ಹಾಳೆ, ಕೆಡುವುದಕ್ಕೆಂದು ಇನ್ನೆರಡು. ರೇಡಿಯಂ ಅಂಗಡಿಯವರಿಂದ 2 ಅಡಿ ಅಗಲದ ರೋಲಿನಲ್ಲಿ 11 ಅಡಿ ಕೊಂಡು ನಡುವೆ ಸೀಳಿಕೊಂಡರೆ ಸಾಕು. ಅಂಗಡಿಯಲ್ಲಿ ಕಾಯಂ ಅಂಟಿನದನ್ನೇ ಕೇಳಿರಿ: ಓರಕಲ್ ಎಂಬ ಬ್ರಾಂಡಿನ ವಿನೈಲಿನಲ್ಲಿ 651 ಕಾಯಂ ಅಂಟಿನದು, 631 ಕಿತ್ತು ತೆಗೆಯಬಹುದಾದ ಅಂಟಿನದು, ದಿನವೂ ತೊಳೆಯುವ ಬಾಟಲಿಗೆ ಎರಡನೆಯದು ನಿಲ್ಲುವುದಿಲ್ಲ.

ಇಷ್ಟು ಸಂಖ್ಯೆಯ ಕೆಲಸದಲ್ಲಿ ಜನ ಯಂತ್ರದ ವೇಗದ ಚಿಂತೆ ಮಾಡುತ್ತಾರೆ, ಆದರೆ ಸಮಯ ಹೋಗುವುದು ಕತ್ತರಿಸುವುದರಲ್ಲಲ್ಲ, ಬೇಡದ ವಿನೈಲನ್ನು ಬಿಡಿಸುವುದರಲ್ಲಿ. ಇದಕ್ಕೆ ಇಂಗ್ಲಿಷಿನವರು ಇಟ್ಟ ವೀಡಿಂಗ್ ಎಂಬ ಹೆಸರಿಗೆ ಕಳೆ ತೆಗೆಯುವುದು ಎಂದೇ ಅರ್ಥ. ನಮ್ಮ ಜಿಲ್ಲೆಯ ಮೆಕ್ಕೆಜೋಳದ ಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಡೆಕುಂಟೆ ಹಾಯಲು ಬೇಕಾದ ಜಾಗವನ್ನು ಬಿತ್ತುವಾಗಲೇ ಬಿಟ್ಟಿರಬೇಕು. ಇಲ್ಲಿಯೂ ವಿನ್ಯಾಸ ಜೋಡಿಸುವಾಗಲೇ ಪ್ರತಿ ಸಾಲಿನ ಸುತ್ತ ಒಂದು ಚೌಕಟ್ಟಿನ ಗೆರೆ ಎಳೆದಿಡಿ. ಆಗ ಬೇಡದ ಭಾಗವು ಇಡೀ ಹಾಳೆಯಾಗಿ ಎದ್ದು, ಸುತ್ತಿಕೊಂಡು, ಒಳ್ಳೆಯ ಅಕ್ಷರಗಳ ಮೇಲೆಯೇ ಬಿದ್ದು ಅಂಟಿಕೊಳ್ಳುವ ಬದಲು ಪಟ್ಟಿ ಪಟ್ಟಿಯಾಗಿ ಬರುತ್ತದೆ. ಒಂದು ಹಾಳೆಯನ್ನು ಬಿಡಿಸಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಅಳೆದು, 20ರಿಂದ ಗುಣಿಸಿ, ಆಮೇಲೆ ದರ ಹೇಳಿರಿ. ವಿನೈಲಿನ ಬೆಲೆಯನ್ನು ಮಾತ್ರ ಲೆಕ್ಕ ಹಾಕಿ ಒಪ್ಪಿಕೊಂಡರೆ ಕೈಗೂಲಿ ಗಿಟ್ಟದು.

ಒತ್ತಕ್ಷರದ ತೊಂದರೆ ಯಂತ್ರದ್ದಲ್ಲ, ಫಾಂಟಿನದು. ಹಳೆಯ ಕನ್ನಡ ಫಾಂಟುಗಳಲ್ಲಿ ಒಂದು ಅಕ್ಷರವು ಹಲವು ತುಣುಕುಗಳ ಜೋಡಣೆಯಾಗಿರುತ್ತದೆ. ತುಣುಕುಗಳು ಒಂದರ ಮೇಲೊಂದು ಕುಳಿತಿರುವುದು ಮುದ್ರಣದಲ್ಲಿ ಕಾಣುವುದಿಲ್ಲ, ಬ್ಲೇಡು ಮಾತ್ರ ಪ್ರತಿ ತುಣುಕಿನ ಅಂಚನ್ನೂ ಬಿಡದೆ ಕತ್ತರಿಸುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ಬರೆದು, ಪಾತ್ (ಅಂಚಿನ ಗೆರೆ) ಆಗಿ ಬದಲಿಸಿ, ಗುಂಪು ಬಿಡಿಸಿ, ಯೂನಿಯನ್ ಆಜ್ಞೆಯಿಂದ ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆದು, ಎಸ್‌ವಿಜಿ ಕಡತವಾಗಿ ಉಳಿಸಿಕೊಳ್ಳಿ. ಎಳೆ ದಪ್ಪವಿರುವ ಫಾಂಟನ್ನೇ ಆರಿಸಿಕೊಳ್ಳಿ. ಠ, ಥ ಅಕ್ಷರಗಳ ಹೊಟ್ಟೆಯೊಳಗಿನ ಚುಕ್ಕೆಯು 2 ಇಂಚಿನ ಸ್ಟಿಕ್ಕರ್‌ನಲ್ಲಿ ಸಾಸಿವೆಯಷ್ಟಾಗಿ, ಬಿಡಿಸುವಾಗ ಕಸದ ಜೊತೆ ಹೋಗಿಬಿಡುತ್ತದೆ. ಮಂಜುನಾಥನನ್ನು ಮಂಜುನಾಧ ಮಾಡಿಕೊಟ್ಟರೆ ಬೀಗರು ಸುಮ್ಮನಿರುವುದಿಲ್ಲ.

ಮ್ಯಾಟ್ ಇಲ್ಲದೆ ಉದ್ದಕ್ಕೆ ಕತ್ತರಿಸುವ ಯಂತ್ರಗಳೂ ಇವೆ. ಕ್ರಿಕಟ್‌ನ ಎಕ್ಸ್‌ಪ್ಲೋರ್ 3 ಮತ್ತು ಮೇಕರ್ 3 ಯಂತ್ರಗಳು ತಮ್ಮದೇ ಸ್ಮಾರ್ಟ್ ವಿನೈಲನ್ನು 12 ಅಡಿಯವರೆಗೆ ಒಂದೇ ಸಲಕ್ಕೆ ಕತ್ತರಿಸಬಲ್ಲವು. ಆದರೂ ನನ್ನ ಒಲವು ಬಿಡಿ ಹಾಳೆಗಳ ಕಡೆಗೇ. ಕೆಲಸದ ನಡುವೆ ಕರೆಂಟು ಹೋದರೆ ಒಂದು ಹಾಳೆ ಕೆಡುತ್ತದೆಯೇ ಹೊರತು ಇಡೀ ರೋಲಲ್ಲ. ಉದ್ದನೆಯ ವಿನೈಲು ಕೂದಲೆಳೆಯಷ್ಟು ಓರೆಯಾಗಿ ಸೇರಿದರೂ ಹೋಗುತ್ತ ಹೋಗುತ್ತ ಪಕ್ಕಕ್ಕೆ ಸರಿಯುತ್ತದೆ.

ಟ್ರಾನ್ಸ್‌ಫರ್ ಟೇಪನ್ನು (ಬಿಡಿಸಿದ ಅಕ್ಷರಗಳನ್ನು ಎತ್ತಿ ಬಾಟಲಿಗೆ ಸಾಗಿಸುವ ಅಂಟುಪಟ್ಟಿ) ಒಂದೊಂದು ಸ್ಟಿಕ್ಕರ್‌ಗೆ ಹಾಕದೆ ಇಡೀ ಸಾಲಿಗೆ ಹಾಕಿ, ಆಮೇಲೆ ಕತ್ತರಿಯಿಂದ ಬಿಡಿ ಮಾಡಿರಿ. ಬಾಟಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಅಂಟಿಸಬೇಕು. ಮೂರು ದಿನ ನೀರು ತಾಗಿಸಬಾರದೆಂದು ಮದುವೆ ಮನೆಯವರಿಗೆ ಮುಂಚೆಯೇ ಹೇಳಿರಿ.

ಪ್ರಶ್ನೆ: ಸ್ನೇಹಿತರ ಬಳಿ ಮರಗೆತ್ತನೆಯ ಲೇಸರ್ ಯಂತ್ರವಿದೆ. ಬ್ಲೇಡಿನ ತಾಪತ್ರಯವೇ ಬೇಡವೆಂದು ಇದೇ ವಿನೈಲನ್ನು ಅದರಲ್ಲಿ ಕತ್ತರಿಸಬಹುದೇ?
— ಓದುಗರು, ಚಿತ್ರದುರ್ಗ

ಉತ್ತರ: ಖಂಡಿತ ಬೇಡ. ಈ ವಿನೈಲು ಪಿವಿಸಿ. ಲೇಸರಿನ ಶಾಖಕ್ಕೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬಂದು, ತೇವ ತಗುಲಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಅದು ನಿಮ್ಮ ಶ್ವಾಸಕೋಶವನ್ನೂ ಸುಡುತ್ತದೆ, ಸ್ನೇಹಿತರ ಯಂತ್ರದ ಕಬ್ಬಿಣದ ಹಳಿಗಳಿಗೂ ತುಕ್ಕು ಹಿಡಿಸುತ್ತದೆ. ಕಿಟಕಿ ತೆರೆದಿಟ್ಟರೂ, ಫ್ಯಾನ್ ಹಾಕಿದರೂ ಈ ಮಾತು ಬದಲಾಗುವುದಿಲ್ಲ.